ಎರಡನೆಯ ಗೋಲ್‌ಕೀಪರ್



ಘಟಿಕೋತ್ಸವದಲ್ಲಿ ಗೆದ್ದವರ ಕಥೆ ಹೇಳುವುದು ವಾಡಿಕೆ. ಕ್ರೀಡೆಯ ಬಗ್ಗೆ ಬರೆದು ಹೊಟ್ಟೆ ಹೊರೆಯುವ ನನ್ನ ಜೋಳಿಗೆಯಲ್ಲಿ ಅಂಥವು ಬೇಕಾದಷ್ಟಿವೆ. ಆದರೂ ಇವತ್ತು ಬೆಂಚಿನ ಮೇಲೆ ಕೂತಿದ್ದವನೊಬ್ಬನ ವಿಷಯ ಹೇಳುತ್ತೇನೆ. ಇವತ್ತು ಪದವಿ ಪಡೆದ ನಿಮ್ಮಲ್ಲಿ ಹೆಚ್ಚಿನವರು ಮೊದಲ ಕೆಲಸಕ್ಕೆ ಸೇರಿದಾಗ ಕೂರುವುದು ಅಲ್ಲೇ ತಾನೆ?

ಗುರ್‌ಪ್ರೀತ್ ಸಿಂಗ್ ಸಂಧು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನೀಲಿ ಅಂಗಿ ತೊಟ್ಟು ಕೂಗಿದವರಿಗೆ ಪರಿಚಯ ಮಾಡಿಕೊಡಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಫುಟ್‌ಬಾಲ್ ಗೋಲ್‌ಕೀಪರ್, 1992ರಲ್ಲಿ ಹುಟ್ಟಿದ ಪಂಜಾಬಿ, ಪೊಲೀಸ್ ಅಧಿಕಾರಿಯ ಮಗ, ಸುಮಾರು ಆರೂವರೆ ಅಡಿಯ ಆಳು. ಹದಿಹರೆಯದಲ್ಲೇ ಕೋಲ್ಕತ್ತಕ್ಕೆ ಹೋಗಿ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದ. 2011ರ ಜನವರಿಯಲ್ಲಿ ದೋಹಾದ ಏಷ್ಯನ್ ಕಪ್‌ಗೆ ಹೋದ ಭಾರತ ತಂಡದಲ್ಲಿ ಅವನೂ ಇದ್ದ. ಆಗಿನ್ನೂ ಹದಿನೆಂಟು. ಗೋಲ್ ಕಾಯುತ್ತಿದ್ದವರು ಸುಬ್ರತಾ ಪಾಲ್. ಆಸ್ಟ್ರೇಲಿಯಾ, ಬಹರೇನ್, ದಕ್ಷಿಣ ಕೊರಿಯಾ ಸೇರಿ ಮೂರು ಪಂದ್ಯಗಳಲ್ಲಿ ನಮಗೆ 13 ಗೋಲು ಹೊಡೆದವು. ಪಾಲ್ ಹಾಗೆ ಮೈಚೆಲ್ಲಿ ತಡೆಯದಿದ್ದರೆ ಲೆಕ್ಕ ಇಪ್ಪತ್ತು ದಾಟುತ್ತಿತ್ತೇನೋ. ಹುಡುಗ ಹೊರಗೆ ಕೂತು ನೋಡಿದ.

ಬೆಂಚಿನ ಮೇಲಿನ ಫಾರ್ವರ್ಡ್‌ಗೆ ಒಂದು ಆಸೆಯಿರುತ್ತದೆ. ಎಪ್ಪತ್ತನೇ ನಿಮಿಷಕ್ಕೆ ಯಾರಾದರೂ ಸುಸ್ತಾಗುತ್ತಾರೆ, ಕೋಚ್ ಕೈಬೀಸಿ ಕರೆಯುತ್ತಾರೆ, ಇಪ್ಪತ್ತು ನಿಮಿಷ ಸಿಗುತ್ತದೆ. ಎರಡನೆಯ ಗೋಲ್‌ಕೀಪರ್‌ಗೆ ಆ ಆಸೆಯೂ ಇಲ್ಲ. ಮೊದಲನೆಯವನಿಗೆ ಗಾಯವಾಗಬೇಕು, ಇಲ್ಲವೇ ಕೆಂಪು ಕಾರ್ಡ್ ಬೀಳಬೇಕು. ಹಾಗಾಗಲಿ ಎಂದು ಬಯಸುವಂತಿಲ್ಲ, ಆದರೆ ಯಾವ ಕ್ಷಣಕ್ಕೂ ತಯಾರಿರಬೇಕು. ವಿಚಿತ್ರವಾದ ನೌಕರಿ.

2014ರ ಆಗಸ್ಟ್‌ನಲ್ಲಿ ಗುರ್‌ಪ್ರೀತ್ ನಾರ್ವೆಯ ಸ್ಟಾಬೆಕ್ ಕ್ಲಬ್ ಸೇರಿದ. ಓಸ್ಲೋ ಮಗ್ಗುಲಿನ ಬೇರುಮ್ ಅದರ ಊರು. ಅಮೆರಿಕ ತಂಡಕ್ಕೆ ಕೋಚ್ ಆಗಿದ್ದ ಬಾಬ್ ಬ್ರ್ಯಾಡ್ಲಿ ಆಗ ಅಲ್ಲಿನ ಕೋಚ್. ಇಲ್ಲಿನ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಆಮೇಲೆ ಸುದ್ದಿಯೇ ಇಲ್ಲ. ಲೀಗ್‌ನಲ್ಲಿ ಮೊದಲ ಪಂದ್ಯ ಆಡಲು 2016ರ ಮೇ ತಿಂಗಳವರೆಗೆ ಕಾಯಬೇಕಾಯಿತು. ಸ್ಟಾರ್ಟ್ ಎಂಬ ತಂಡದ ಎದುರು ಸ್ಟಾಬೆಕ್ 5-0ಯಿಂದ ಗೆದ್ದಿತು. ಯುರೋಪಿನ ದೇಶವೊಂದರ ಅಗ್ರ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯನೆಂದು ಅವನ ಹೆಸರು ದಾಖಲಾಯಿತು. ಅದೇ ವರ್ಷದ ಜೂನ್ 30ರಂದು ವೇಲ್ಸ್‌ನ ಕ್ಲಬ್ಬೊಂದರ ವಿರುದ್ಧ ಯುರೋಪಾ ಲೀಗ್ ಅರ್ಹತಾ ಪಂದ್ಯದಲ್ಲಿ ಗೋಲ್ ಕಾಯಲು ನಿಂತ. ಅದೂ ಭಾರತೀಯನೊಬ್ಬನ ಮೊದಲ ಸಾಧನೆಯೇ. ಅರ್ಧ ತಾಸಿನಷ್ಟರಲ್ಲಿ ಗಾಯವಾಗಿ ಹೊರಗೆ ಬಂದ.

2017ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದಾಗ ಮೂರು ವರ್ಷದ ವಿದೇಶವಾಸದ ಖಾತೆಯಲ್ಲಿದ್ದ ಲೀಗ್ ಪಂದ್ಯಗಳು ಬೆರಳೆಣಿಕೆಯವು. ಪರದೇಶಕ್ಕೆ ಹೋಗಿ ವಾಪಸು ಬಂದವರನ್ನು ನಮ್ಮ ಬೀದಿಗಳು ನೋಡುವ ನೋಟ ನಿಮಗೂ ಗೊತ್ತು, ‘ಯಾಕಂತೆ, ಏನಾಯಿತಂತೆ?’ ಆ ನೋಟಕ್ಕೆ ಅಂಕಿಅಂಶಗಳ ಬೆಂಬಲವೂ ಇತ್ತು. ನನ್ನ ಅಭಿಪ್ರಾಯ ಬೇರೆ. ಆ ಮೂರು ವರ್ಷ ವ್ಯರ್ಥವಾಗಿದ್ದರೆ ಮುಂದಿನದು ಆಗುತ್ತಿರಲಿಲ್ಲ. ಪಂದ್ಯ ಸಿಗದಿದ್ದವನಿಗೂ ಅಭ್ಯಾಸ ದಿನಾ ಸಿಗುತ್ತದೆ. ತನಗಿಂತ ಮುಂದಿರುವವರು ಒದೆಯುವ ಚೆಂಡುಗಳನ್ನು, ಯಾವ ಕ್ಯಾಮೆರಾವೂ ಇಲ್ಲದ ಮೈದಾನದಲ್ಲಿ, ಬೆಳಗಿನಿಂದ ತಡೆಯುವುದೇ ಅವನ ದುಡಿಮೆ. ಅಂಕಪಟ್ಟಿಯಲ್ಲಿ ಅದಕ್ಕೆ ಕಾಲಂ ಇಲ್ಲ, ಅಷ್ಟೆ.

2019ರ ಮಾರ್ಚ್‌ನಲ್ಲಿ ಬೆಂಗಳೂರು ಇಂಡಿಯನ್ ಸೂಪರ್ ಲೀಗ್ ಗೆದ್ದಿತು. ಅತ್ಯುತ್ತಮ ಗೋಲ್‌ಕೀಪರ್‌ಗೆ ಕೊಡುವ ಗೋಲ್ಡನ್ ಗ್ಲೋವ್ ಆ ಸಲ ಇವನದೇ. ಅರ್ಜುನ ಪ್ರಶಸ್ತಿ ಬಂದದ್ದೂ ಅದೇ ವರ್ಷ. ಆದರೆ ನಾನು ಹೇಳಬೇಕೆಂದಿರುವುದು ಸೆಪ್ಟೆಂಬರ್ 10ರ ದೋಹಾ ರಾತ್ರಿಯ ವಿಷಯ. ಎದುರಿಗೆ ಏಷ್ಯಾ ಚಾಂಪಿಯನ್ ಕತಾರ್. ನಾಯಕ ಸುನಿಲ್ ಚೆಟ್ರಿಗೆ ಜ್ವರ. ನಾಯಕನ ಪಟ್ಟಿ ಗುರ್‌ಪ್ರೀತ್ ತೋಳಿಗೆ. ಕತಾರ್ ಆಟಗಾರರು 27 ಸಲ ಗೋಲಿನತ್ತ ಒದ್ದರು, ಇವನು 11 ತಡೆದ. ಪಂದ್ಯ 0-0. ಎಂಟು ವರ್ಷದ ಹಿಂದೆ ಇದೇ ಊರಲ್ಲಿ ಬೆಂಚಿನ ಮೇಲಿದ್ದವನು.

ಇಲ್ಲಿಗೆ ನಿಲ್ಲಿಸಿದರೆ ನೀವು ಚಪ್ಪಾಳೆ ಹೊಡೆದು ಊಟಕ್ಕೆ ಹೋಗಬಹುದು. ಆದರೆ ದೋಹಾ ಇನ್ನೂ ಮುಗಿದಿಲ್ಲ.

2024ರ ಜೂನ್ 11. ಚೆಟ್ರಿ ನಿವೃತ್ತಿಯ ನಂತರದ ಮೊದಲ ಪಂದ್ಯ, ಮತ್ತೆ ನಾಯಕ ಇವನೇ. ಚಾಂಗ್ಟೆ ಹೊಡೆದ ಗೋಲಿನಿಂದ ಭಾರತ ಮುಂದಿದೆ. 73ನೇ ನಿಮಿಷದಲ್ಲಿ ಕತಾರ್‌ಗೆ ಫ್ರೀಕಿಕ್. ಯೂಸುಫ್ ಐಮನ್ ತಲೆಯಿಂದ ಹೊಡೆದದ್ದನ್ನು ಗುರ್‌ಪ್ರೀತ್ ಬಿದ್ದು ತಡೆಯುತ್ತಾನೆ. ಚೆಂಡು ಅವನ ಮೈಗೆ ತಾಗಿ ಕಂಬದ ಪಕ್ಕ ಗೆರೆ ದಾಟಿ ಹೊರಗೆ ಉರುಳುತ್ತದೆ. ಹೊರಹೋದ ಆ ಚೆಂಡನ್ನು ಕತಾರ್‌ನ ಇನ್ನೊಬ್ಬ ಕಾಲಿನಿಂದ ಒಳಗೆಳೆಯುತ್ತಾನೆ, ಐಮನ್ ಬಲೆಗೆ ತಳ್ಳುತ್ತಾನೆ. ರೆಫರಿ ಗೋಲು ಕೊಟ್ಟರು. ವಿಡಿಯೊ ನೋಡಿ ತೀರ್ಮಾನಿಸುವ ವಿಎಆರ್ ಇರಲಿಲ್ಲ. ಎಷ್ಟು ವಾದಿಸಿದರೂ ಫಲವಿಲ್ಲ. 85ನೇ ನಿಮಿಷದಲ್ಲಿ ಎರಡನೆಯದೂ ಬಿತ್ತು. ವಿಶ್ವಕಪ್ ಅರ್ಹತೆಯ ಮುಂದಿನ ಸುತ್ತಿನ ದಾರಿ ಮುಚ್ಚಿತು.

ಅದು ಅನ್ಯಾಯ. ಆದರೆ ಅನ್ಯಾಯದ ಬಗ್ಗೆ ಮಾತಾಡುವುದು ಸುಲಭ. ತಪ್ಪು ನಮ್ಮದೇ ಆದಾಗ ಏನು ಮಾಡುವುದು? ಅದೇ ವರ್ಷದ ನವೆಂಬರ್ 18ರಂದು ಹೈದರಾಬಾದಿನಲ್ಲಿ ಮಲೇಷ್ಯಾ ಎದುರು ಗುರ್‌ಪ್ರೀತ್ ಗೋಲು ಬಿಟ್ಟು ಮುನ್ನುಗ್ಗಿದ, ಚೆಂಡು ಸಿಗಲಿಲ್ಲ, ಎದುರಾಳಿ ಖಾಲಿ ಗೋಲಿಗೆ ಹೊಡೆದ. ಫಾರ್ವರ್ಡ್ ಹತ್ತು ಅವಕಾಶ ಕೆಡಿಸಿ ಒಂದು ಗೋಲು ಹೊಡೆದರೆ ಪತ್ರಿಕೆಯಲ್ಲಿ ಫೋಟೊ. ಗೋಲ್‌ಕೀಪರ್ ಹತ್ತು ತಡೆದು ಒಂದು ಬಿಟ್ಟರೂ ಫೋಟೊ, ಬೇರೆ ಕಾರಣಕ್ಕೆ. 2025ರ ಮಾರ್ಚ್‌ನ ಭಾರತ ತಂಡದಲ್ಲಿ ಅವನ ಹೆಸರಿರಲಿಲ್ಲ. ಮೂವತ್ತಮೂರು ದಾಟಿದವನಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ನೀವು ಓದಿದ ಶಾಸ್ತ್ರಗಳಲ್ಲಿ ಉತ್ತರಪತ್ರಿಕೆ ತಿದ್ದಲು ಯಾರೋ ಇರುತ್ತಿದ್ದರು, ಮರುಎಣಿಕೆಗೆ ಅರ್ಜಿ ಹಾಕಬಹುದಿತ್ತು. ಇನ್ನು ಮುಂದೆ ಕೆಲವು ಸಲ ಮರುಎಣಿಕೆ ಇರುವುದಿಲ್ಲ, ಕೆಲವು ಸಲ ಎಣಿಕೆ ಸರಿಯಾಗಿಯೇ ಇರುತ್ತದೆ. ಎರಡರ ನಂತರವೂ ಮರುದಿನ ಬೆಳಗ್ಗೆ ಗ್ಲೌಸ್ ಹಾಕಿಕೊಳ್ಳುವ ಕಷ್ಟ ಒಂದೇ ತೆರನದು ಎಂದು ನನ್ನ ಅನಿಸಿಕೆ.

ಆಗ ಹೊಸದಾಗಿ ಬಂದ ಕೋಚ್ ಖಾಲಿದ್ ಜಮೀಲ್ ಅವನನ್ನು ಮತ್ತೆ ಕರೆದರು. 2025ರ ಆಗಸ್ಟ್‌ನಲ್ಲಿ ತಜಿಕಿಸ್ತಾನದ ನೆಲದಲ್ಲಿ ತಜಿಕಿಸ್ತಾನದ್ದೇ ಪೆನಾಲ್ಟಿ ತಡೆದ. ಭಾರತ 2-1ರಿಂದ ಗೆದ್ದಿತು. ಅದೇ ಟೂರ್ನಿಯಲ್ಲಿ ಸೆಪ್ಟೆಂಬರ್ 8ರಂದು ಒಮಾನ್ ವಿರುದ್ಧ ಮೂರನೇ ಸ್ಥಾನದ ಪಂದ್ಯ. 1-1 ಆಗಿ ಪೆನಾಲ್ಟಿ ಶೂಟೌಟ್‌ಗೆ ಬಂತು. ಚೆಂಡಿನಿಂದ ಗೋಲಿಗೆ 11 ಮೀಟರ್. ಕಂಬದಿಂದ ಕಂಬಕ್ಕೆ 7.32 ಮೀಟರ್. ಒದ್ದದ್ದನ್ನು ನೋಡಿ ಆಮೇಲೆ ಹಾರೋಣವೆಂದರೆ ಅರ್ಧ ಸೆಕೆಂಡೂ ಸಿಗುವುದಿಲ್ಲ. ಓಡಿ ಬರುವವನ ಸೊಂಟ ಎತ್ತ ತಿರುಗಿತು, ಊರಿದ ಪಾದ ಎತ್ತ ನೋಡುತ್ತಿದೆ ಎಂಬುದರಿಂದಲೇ ಊಹಿಸಬೇಕು. ಒಮಾನ್‌ನ ಕೊನೆಯ ಒದೆತ ಗುರ್‌ಪ್ರೀತ್ ಕೈಗೆ ಸಿಕ್ಕಿತು. ಭಾರತಕ್ಕೆ ಮೂರನೇ ಸ್ಥಾನ.

ಈ ಭಾಷಣ ಕೇಳಿದ ಬೇಸರ ಕಳೆಯಲು ಒಂದು ದಾರಿ ಹೇಳುತ್ತೇನೆ. ಮೊದಲ ಸಂಬಳ ಬಂದಾಗ ಕಂಠೀರವದಲ್ಲೊಂದು ಫುಟ್‌ಬಾಲ್ ಪಂದ್ಯಕ್ಕೆ ಟಿಕೆಟ್ ತೆಗೆದುಕೊಳ್ಳಿ. ನಡುವೆ ಓಟದ ಟ್ರ್ಯಾಕ್ ಇರುವುದರಿಂದ ಆಟ ಸ್ವಲ್ಪ ದೂರವೇ, ಬೈದುಕೊಳ್ಳಬೇಡಿ. ಚೆಂಡು ಆ ತುದಿಯಲ್ಲಿ ಇದ್ದಾಗ ಹತ್ತು ನಿಮಿಷ ಈ ತುದಿಯ ಗೋಲ್‌ಕೀಪರ್‌ನನ್ನೇ ನೋಡಿ. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಎಡಕ್ಕೆ, ಡಿಫೆಂಡರ್‌ಗೆ ಒಂದು ಕೂಗು, ಮತ್ತೆ ಹಿಂದೆ. ಟಿವಿಯವರು ಅದನ್ನು ಯಾವತ್ತೂ ತೋರಿಸುವುದಿಲ್ಲ.