ಮರುಭೂಮಿಯಲ್ಲಿ ಜಲ್ಲಿ ಹಾಸಿದ ಲೆಕ್ಕ

(ಸಂಘದ ರಜತ ಮಹೋತ್ಸವದ ಸದಸ್ಯರ ಸಮಾವೇಶದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಹಸುಗಳ ಆರೋಗ್ಯದ ಬಗ್ಗೆ ಡಾಕ್ಟ್ರು ಮಾತಾಡಿದರು. ಸಹಕಾರ ತತ್ತ್ವದ ಬಗ್ಗೆ ಹಿರಿಯರು ಚೆನ್ನಾಗಿ ಹೇಳಿದರು. ನನಗೆ ಕೊಟ್ಟ ವಿಷಯ ಜಲ್ಲಿ. ನಗಬೇಡಿ. ಕಳೆದ ಆಡಳಿತ ಮಂಡಳಿ ಸಭೆಯಲ್ಲಿ ಡೈರಿಯ ಅಂಗಳಕ್ಕೆ ಜಲ್ಲಿ ಹಾಕಿಸುವ ವಿಚಾರ ಬಂದಾಗ, "ಒಂದು ನಾಲ್ಕು ಲೋಡ್ ತರಿಸಿದರೆ ಆಯ್ತು" ಅಂತ ಯಾರೋ ಅಂದರು. ನಾನು ಸ್ವಲ್ಪ ಜೋರಾಗಿಯೇ ಆಕ್ಷೇಪ ಮಾಡಿದೆ. ಇವರಿಗೆ ಜಲ್ಲಿಯ ಮೇಲೆ ಇಷ್ಟು ಸಿಟ್ಟು ಯಾಕೆ ಅಂತ ಎಲ್ಲರಿಗೂ ಆಶ್ಚರ್ಯ. ಅದನ್ನೇ ಸಮಾವೇಶದಲ್ಲಿ ಹೇಳಿ ಅಂತ ಅಧ್ಯಕ್ಷರ ಅಪ್ಪಣೆ ಆಯಿತು.

ಎಸ್.ಎಸ್.ಎಲ್.ಸಿ. ಮುಗಿಸಿ ಕೆಲವು ವರ್ಷ ಮನೆಯಲ್ಲೇ ಇದ್ದು 2001ರಲ್ಲಿ ನಾನು ಗಲ್ಫಿಗೆ ಹೋದದ್ದು ನಿಮಗೆಲ್ಲ ಗೊತ್ತು. ಅಲ್ಲಿ ಏನು ಕೆಲಸ ಮಾಡಿದೆ ಅಂತ ಹೆಚ್ಚಿನವರಿಗೆ ಗೊತ್ತಿಲ್ಲ. ಅಬುಧಾಬಿ ಕಡೆ ರಸ್ತೆ ಬದಿ, ವೃತ್ತ, ಬಂಗಲೆಗಳ ಸುತ್ತ ತೋಟ ಮಾಡುವ ಕಂಪೆನಿಯಲ್ಲಿ 12 ವರ್ಷ ಇದ್ದೆ. ಮೊದಲು ಹಾರೆ ಪಿಕ್ಕಾಸು, ಆಮೇಲೆ ಅಳತೆಯ ಟೇಪು. ತೋಟ ಅಂದ್ರೆ ನಮ್ಮ ಹಾಗೆ ಅಡಿಕೆ ತೋಟ ಅಲ್ಲ. ವರ್ಷಕ್ಕೆ 100 ಮಿ.ಮೀ. ಮಳೆ ಬಂದರೆ ದೊಡ್ಡದು ಎನ್ನುವ ದೇಶ ಅದು. ನಮ್ಮಲ್ಲಿ ಆಷಾಢದಲ್ಲಿ ಒಂದೇ ದಿನ ಅಷ್ಟು ಸುರಿದದ್ದನ್ನು ನೋಡಿದ್ದೇವೆ. ಅಲ್ಲಿ ಹುಲ್ಲು ಹಾಸು ಬೆಳೆಸಬೇಕಾದರೆ ಬೇಸಿಗೆಯಲ್ಲಿ ದಿನಾ ನೀರು ಕೊಡಬೇಕು. ಶುದ್ಧೀಕರಿಸಿದ ಚರಂಡಿ ನೀರನ್ನೇ ಪೈಪಿನಲ್ಲಿ ತಂದು ಗಿಡಗಳಿಗೆ ಬಿಡುತ್ತಾರೆ. ಅದಕ್ಕೆ ಹುಲ್ಲು ಕಡಿಮೆ ಮಾಡಿ, ನೀರು ಕಡಿಮೆ ಕೇಳುವ ಮರ ಗಿಡ ನೆಟ್ಟು, ಉಳಿದ ನೆಲಕ್ಕೆ ಜಲ್ಲಿ ಹಾಸುವುದು. ಅಮೆರಿಕಾದ ಡೆನ್ವರ್ ನಗರದ ನೀರು ಸರಬರಾಜಿನವರು 1981ರಲ್ಲಿ ಇಂಥ ತೋಟಕ್ಕೆ ಜೀರಿಸ್ಕೇಪ್ ಅಂತ ಹೆಸರು ಇಟ್ಟರಂತೆ, ನಮ್ಮ ಇಂಜಿನಿಯರ್ ಹೇಳುತ್ತಿದ್ದರು. ಅಲ್ಲಿ ನೆಡುವ ಮರಗಳಲ್ಲಿ ಗಾಫ್ ಅಂತ ಒಂದಿದೆ, ಆ ದೇಶದ ರಾಷ್ಟ್ರೀಯ ವೃಕ್ಷ. ಹತ್ತಿರ ಹೋಗಿ ಎಲೆ ನೋಡಿದರೆ ನಮ್ಮ ಬನ್ನಿ ಮರ! ದಸರಾ ದಿನ ನಾವು ಊರಿನ ಹುಡುಗರು ನಾಲ್ಕು ಜನ ಅದಕ್ಕೇ ಕೈ ಮುಗಿದು ಕೆಲಸಕ್ಕೆ ಇಳಿಯುತ್ತಿದ್ದೆವು.

ಜಲ್ಲಿ ಬರುವುದು ಹಜರ್ ಬೆಟ್ಟದ ಸಾಲಿನಿಂದ. ಹಜರ್ ಅಂದ್ರೆ ಅರಬ್ಬಿಯಲ್ಲಿ ಕಲ್ಲು ಅಂತಲೇ ಅರ್ಥ. ರಾಸ್ ಅಲ್ ಖೈಮಾ ಕಡೆ ಸುಣ್ಣದ ಕಲ್ಲು, ಫುಜೈರಾ ಕಡೆ ಗ್ಯಾಬ್ರೊ ಎನ್ನುವ ಕರಿಕಲ್ಲು. ಬಿಳಿ, ಕೆನೆ ಬಣ್ಣ, ಬೂದು, ಕೆಂಪು, ಕಪ್ಪು, ಎಲ್ಲ ಸಿಗುತ್ತದೆ. ಮನೆ ಯಜಮಾನರು ಮೊದಲು ಕೇಳುವುದು ಬಿಳಿ. ಆದರೆ ಅಚ್ಚ ಬಿಳಿ ಕಲ್ಲು ಮಧ್ಯಾಹ್ನದ ಬಿಸಿಲಿಗೆ ಕಣ್ಣು ಕುಕ್ಕುತ್ತದೆ, ಕಿಟಕಿ ಎದುರು ಹಾಸಿದರೆ ಒಳಗೆ ಕೂತವರಿಗೂ ಸುಖ ಇಲ್ಲ. ಒಂದು ಧೂಳಿನ ಗಾಳಿ ಬೀಸಿದರೆ ಬಿಳಿ ಹೋಗಿ ಮಣ್ಣಿನ ಬಣ್ಣ ಆಗುತ್ತದೆ. ಕಪ್ಪು ಕಲ್ಲು ನೋಡಲು ಗಂಭೀರ, ಆದರೆ ಕಾದ ಕಾವಲಿ. ಬುಡಕ್ಕೆ ಒತ್ತಿ ಹಾಕಿದರೆ ಸಣ್ಣ ಗಿಡ ಬಾಡುತ್ತದೆ. ಯಾವ ಬಣ್ಣವಾದರೂ ಗಿಡದ ಬುಡದಿಂದ ಒಂದು ಗೇಣು ಬಿಟ್ಟೇ ಹಾಕಬೇಕು. ನನ್ನ ಅನುಭವದಲ್ಲಿ ಆ ನೆಲದ ಮರಳಿಗೆ ಹತ್ತಿರದ ಕೆನೆ ಬಣ್ಣವೇ ಬಾಳಿಕೆಗೂ ನೋಟಕ್ಕೂ ಒಳ್ಳೆಯದು. ಮಾದರಿಯನ್ನು ತಟ್ಟೆಯಲ್ಲಿ ಹಾಕಿ ಒಣಗಿದಾಗ ಒಮ್ಮೆ, ನೀರು ಚಿಮುಕಿಸಿ ಒಮ್ಮೆ ನೋಡಬೇಕು. ಕ್ರಶರಿನವರು ಒದ್ದೆ ಮಾಡಿ ತೋರಿಸಿದ ಬಣ್ಣ ಒಣಗಿದ ಮೇಲೆ ಉಳಿಯುವುದಿಲ್ಲ.

ಆಕಾರವೂ ಮುಖ್ಯ. ಉರುಟು ಕಲ್ಲು ಚಂದ, ಆದರೆ ಕಾಲಿಟ್ಟರೆ ಉರುಳುತ್ತದೆ, ಇಳಿಜಾರಿನಲ್ಲಿ ನಿಲ್ಲುವುದಿಲ್ಲ. ಒಡೆದ ಮೂಲೆ ಮೂಲೆ ಕಲ್ಲು ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ನಡೆಯುವ ದಾರಿಗೆ ಪುಡಿ ಸೇರಿದ ಸಣ್ಣ ಜಲ್ಲಿ ಹಾಕಿ, ನೀರು ಹೊಡೆದು, ರೋಲರ್ ಓಡಿಸಿದರೆ ಗಟ್ಟಿಯಾಗುತ್ತದೆ. ಜಲ್ಲಿಯ ಅಡಿಗೆ ನೀರು ಇಳಿಯುವಂಥ ದಪ್ಪ ಬಟ್ಟೆಯ ಹಾಸು ಹಾಕುತ್ತಾರೆ. ಇಲ್ಲದಿದ್ದರೆ ಮರಳು ಕಲ್ಲನ್ನು ನುಂಗುತ್ತದೆ, ಕಳೆಯೂ ಏಳುತ್ತದೆ. ಪ್ಲಾಸ್ಟಿಕ್ ಹಾಳೆ ಹಾಕಬಾರದು, ನೀರು ಮೇಲೆಯೇ ನಿಲ್ಲುತ್ತದೆ. ಮರುಭೂಮಿಯಲ್ಲಿ ಎಲ್ಲಿಯ ನೀರು ಅಂತ ಕೇಳಬೇಡಿ. 2024ರ ಏಪ್ರಿಲ್ 16ರಂದು ಆ ದೇಶದಲ್ಲಿ ಬಿದ್ದ ಮಳೆಗೆ ವಿಮಾನ ನಿಲ್ದಾಣವೇ ಕೆರೆಯಾದದ್ದನ್ನು ಟಿ.ವಿ.ಯಲ್ಲಿ ನೀವೂ ನೋಡಿದ್ದೀರಿ.

ಇನ್ನು ಲೆಕ್ಕದ ಮಾತು. ಇದನ್ನು ನಾನು ತಪ್ಪು ಮಾಡಿ ಕಲಿತದ್ದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

2004ರ ಜುಲೈ. ಒಂದು ರಸ್ತೆ ವೃತ್ತದ ಕೆಲಸ. ಅಡ್ಡಳತೆ 40 ಮೀಟರ್. ಟೇಪು ಕೈಗೆ ಬಂದು ನನಗೆ ಆರು ತಿಂಗಳು ಆಗಿತ್ತು. ಎಸ್.ಎಸ್.ಎಲ್.ಸಿ. ಗಣಿತ ನೆನಪಿತ್ತು: 20ನ್ನು 20ರಿಂದ ಗುಣಿಸಿ 3.14ರಿಂದ ಗುಣಿಸಿದರೆ 1256 ಚದರ ಮೀಟರ್. ಖರ್ಜೂರದ ಮರದ 12 ಗುಂಡಿಗಳನ್ನು ಕಳೆದೆ, 1218 ಉಳಿಯಿತು. ಜಲ್ಲಿ 5 ಸೆಂಟಿಮೀಟರ್ ದಪ್ಪ ಅಂತ ಹಿಡಿದು 61 ಘನ ಮೀಟರ್ ಬರೆದುಕೊಟ್ಟೆ. ಒಂದು ಚಮಚ ಹೆಚ್ಚಿಲ್ಲ, ಒಂದು ಚಮಚ ಕಡಿಮೆ ಇಲ್ಲ. ನನಗೆ ಬಹಳ ಹೆಮ್ಮೆ.

ಗುಣಾಕಾರ ಸರಿ, ಲೆಕ್ಕ ತಪ್ಪು. ಆ ಕೆಲಸಕ್ಕೆ ಗೊತ್ತು ಮಾಡಿದ್ದು 40 ಮಿ.ಮೀ. ಕಲ್ಲು. ಕಲ್ಲಿನ ಗಾತ್ರದ ಎರಡು ಪಟ್ಟಿನಷ್ಟಾದರೂ ದಪ್ಪ ಇಲ್ಲದಿದ್ದರೆ ನಡುವೆ ಅಡಿಯ ಹಾಸು ಕಾಣುತ್ತದೆ. 20 ಮಿ.ಮೀ. ಕಲ್ಲಿಗೆ 5 ಸೆಂಟಿಮೀಟರ್ ಸಾಕು, 40ಕ್ಕೆ ಏಳೂವರೆ ಎಂಟು ಬೇಕೇ ಬೇಕು. ಅಲ್ಲದೆ ನೆಲಕ್ಕೆ ರೋಲರ್ ಸರಿಯಾಗಿ ಓಡಿರಲಿಲ್ಲ, ಕಾಗದದಲ್ಲಿ ಸಮತಟ್ಟು ಇದ್ದದ್ದು ಅಲ್ಲಿ ಹೊಂಡ ದಿಣ್ಣೆ. ಏಳೂವರೆ ಸೆಂಟಿಮೀಟರಿಗೆ 91 ಘನ ಮೀಟರ್, ಅದರ ಮೇಲೆ ತಗ್ಗಿಗೆ, ಚೆಲ್ಲಿದ್ದಕ್ಕೆ ನೂರಕ್ಕೆ ಹತ್ತು. ಅಂದ್ರೆ 100 ತರಿಸಬೇಕಿತ್ತು. ಐದರಲ್ಲಿ ಮೂರು ಪಾಲು ಮುಗಿಯುವಾಗ ರಾಶಿ ಖಾಲಿ.

ಉಳಿದದ್ದನ್ನು ಗಡಿಬಿಡಿಯಲ್ಲಿ ತರಿಸಿದೆವು. ಅದು ಕೋರೆಯ ಬೇರೆ ಮೈಯಿಂದ ಬಂದ ಕಲ್ಲು, ಕೆನೆಯ ಬದಲು ಕೆಂಪು ಛಾಯೆ. ಹಾಸಿದ ಮೇಲೆ ವೃತ್ತ ಎರಡು ಬಣ್ಣದ ರೊಟ್ಟಿಯ ಹಾಗೆ ಕಂಡಿತು. ತಪಾಸಣೆಯ ಇಂಜಿನಿಯರ್ ಒಪ್ಪಲಿಲ್ಲ, ಕೆಂಪು ಪೂರ್ತಿ ತೆಗೆಯಿರಿ ಅಂದರು. ನೆಲದಲ್ಲಿ ನೀರಿನ ಸಣ್ಣ ಪೈಪುಗಳು, ಯಂತ್ರ ಇಳಿಸುವಂತಿಲ್ಲ. ಸುಮಾರು 58 ಟನ್ ಕಲ್ಲನ್ನು ಆಳುಗಳು ಬುಟ್ಟಿಯಲ್ಲಿ ಹೊತ್ತು ಹೊರಗೆ ಹಾಕಬೇಕಾಯಿತು. ಬೇಸಿಗೆಯಲ್ಲಿ ಮಧ್ಯಾಹ್ನ ಹೊರಗಿನ ಕೆಲಸ ನಿಲ್ಲಿಸಬೇಕೆಂಬ ಕಾನೂನು ಅಲ್ಲಿ ಬಂದದ್ದು 2005ರಲ್ಲಿ. ನಮ್ಮದು ಅದಕ್ಕಿಂತ ಒಂದು ವರ್ಷ ಮೊದಲು.

ಆ ಗುಂಪಿನಲ್ಲಿ ನಮ್ಮ ಪಕ್ಕದ ಊರಿನವರೊಬ್ಬರಿದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು, ನಾನು ಅಣ್ಣ ಅಂತಲೇ ಕರೆಯುತ್ತಿದ್ದೆ. ಮೂರನೇ ದಿನ ಬುಟ್ಟಿ ಹೊತ್ತವರು ಹಾಗೇ ಕುಸಿದರು. ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಆದರೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆ, ಭಾರದ ಕೆಲಸ ಕೂಡದು ಅಂದರು. ಎರಡು ತಿಂಗಳಲ್ಲಿ ಅವರನ್ನು ಊರಿಗೆ ಕಳಿಸಿದರು. ಹೊರಡುವ ಮೊದಲ ರಾತ್ರಿ ಕೋಣೆಯಲ್ಲಿ, "ಆ ಜಲ್ಲಿಯ ಲೆಕ್ಕ ಹಾಕಿದ್ದು ಯಾರು ಮಾರಾಯ?" ಅಂತ ಕೇಳಿದರು. ನಾನು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಕಂಪೆನಿ ನನ್ನ ಎರಡು ತಿಂಗಳ ಸಂಬಳ ಹಿಡಿಯಿತು, ಅದು ಲೆಕ್ಕಕ್ಕಿಲ್ಲ.

2013ರಲ್ಲಿ ಊರಿಗೆ ಬಂದ ಮೇಲೆ ಅವರ ಮನೆಗೆ ಹೋಗಿ ಹೇಳಿದೆ. ಹಟ್ಟಿಯಲ್ಲಿ ಎರಡು ಹಸು ಕಟ್ಟಿಕೊಂಡಿದ್ದರು. "ಗೊತ್ತಿತ್ತು" ಅಂದರು ಅಷ್ಟೇ. ಚಾ ಕೊಟ್ಟರು. ಸಭೆಯಲ್ಲಿ ನನಗೆ ಸಿಟ್ಟು ಬಂದದ್ದು ಇದಕ್ಕೆ ಮಾರಾಯ್ರೆ, ಬೇರೆ ಯಾರ ಮೇಲೂ ಅಲ್ಲ.

ಅಲ್ಲಿಂದ ಮೇಲೆ ನಾನು ಹಿಡಿದ ಕ್ರಮ ಹೀಗೆ. ಮೊದಲು ಕಲ್ಲಿನ ಗಾತ್ರ, ಅದರಿಂದ ದಪ್ಪ, ಆಮೇಲೆ ವಿಸ್ತೀರ್ಣ. ನಕ್ಷೆ ಇದ್ದರೂ ಟೇಪು ಹಿಡಿದು ನೆಲ ನೋಡುವುದು. ನೂರಕ್ಕೆ ಹತ್ತು ಸೇರಿಸಿ, ಪೂರ್ತಿ ಒಂದೇ ರಾಶಿಯಿಂದ ಒಂದೇ ಸಲ ತರಿಸುವುದು. ಸ್ವಲ್ಪ ಮಿಕ್ಕಿದರೆ ಮೂಲೆಯಲ್ಲಿ ಇಟ್ಟರೆ ಮುಂದೆ ತೇಪೆಗೆ ಆಗುತ್ತದೆ. ಅಲ್ಲಿ ಜಲ್ಲಿ ಮಾರುವುದು ಟನ್ನಿನಲ್ಲಿ, ನಮಗೆ ಬೇಕಾದದ್ದು ಘನ ಮೀಟರಿನಲ್ಲಿ. ಒಂದು ಘನ ಮೀಟರ್ ಒಣ ಜಲ್ಲಿ ಸುಮಾರು ಒಂದೂವರೆ ಟನ್. ಸಂಶಯ ಇದ್ದರೆ ತೂಗಿ ನೋಡಬಹುದು. ನಮ್ಮ 40 ಲೀಟರಿನ ಹಾಲಿನ ಕ್ಯಾನಿನಲ್ಲಿ ತುಂಬಿದರೆ ಜಲ್ಲಿ ಸುಮಾರು 60 ಕೆ.ಜಿ. ತೂಗುತ್ತದೆ. (ಸಂಘದ ಕ್ಯಾನಿನಲ್ಲಿ ಯಾರೂ ಈ ಪ್ರಯೋಗ ಮಾಡಬೇಡಿ, ಕಾರ್ಯದರ್ಶಿಗಳು ನನ್ನನ್ನು ಹಿಡಿಯುತ್ತಾರೆ.) ತೂಕದಲ್ಲಿ ಕೊಳ್ಳುವಾಗ ಒದ್ದೆ ಜಲ್ಲಿ ಬೇಡ, ನೀರಿಗೂ ದುಡ್ಡು ಕೊಟ್ಟ ಹಾಗೆ.

ಈಗ ನಮ್ಮ ಡೈರಿಯ ಅಂಗಳ. ಮೊನ್ನೆ ಅಳೆದಿದ್ದೇನೆ: 60 ಅಡಿ ಉದ್ದ, 40 ಅಡಿ ಅಗಲ, 2400 ಚದರ ಅಡಿ. ಮೇಲಿನ ಪದರಕ್ಕೆ 20 ಮಿ.ಮೀ. ಜಲ್ಲಿ ಸಾಕು. ಆದರೆ ಹಾಲಿನ ಲಾರಿ ತಿರುಗುವ ಜಾಗವಾದ್ದರಿಂದ ಎರಡಲ್ಲ, 3 ಇಂಚು ದಪ್ಪ ಹಿಡಿದಿದ್ದೇನೆ. 3 ಇಂಚು ಅಂದ್ರೆ ಕಾಲು ಅಡಿ, 600 ಘನ ಅಡಿ ಆಯಿತು. ಹತ್ತು ಪಾಲು ಸೇರಿಸಿ 660. ಲೋಡ್ ಎನ್ನುವುದು ಅಳತೆ ಅಲ್ಲ, ಲಾರಿಯ ತೊಟ್ಟಿಯ ಒಳಗಿನ ಅಳತೆ ತೆಗೆಯಬೇಕು. 10 ಅಡಿ ಉದ್ದ, 6 ಅಡಿ ಅಗಲ, ಎರಡೂವರೆ ಅಡಿ ಎತ್ತರ ತುಂಬಿದ್ದರೆ 150 ಘನ ಅಡಿ. ಅಂಥದ್ದು ನಮಗೆ ನಾಲ್ಕೂವರೆ ಬೇಕು. ಹಿಂದೊಮ್ಮೆ ಒಬ್ಬರು ತುಂಬಿ ಬಂತು ಅಂದ ಲಾರಿಯಲ್ಲಿ ಒಂದೂವರೆ ಅಡಿ ಎತ್ತರಕ್ಕೆ ಮಾತ್ರ ಜಲ್ಲಿ ಇತ್ತು, ಮೇಲಿನಿಂದ ಹರವಿದ್ದು.

ಮರುಭೂಮಿಯ ಕ್ರಮ ಇಲ್ಲಿ ಹಾಗೆಯೇ ನಡೆಯುವುದಿಲ್ಲ ಎಂಬುದೂ ಗೊತ್ತಿರಲಿ. ನಮ್ಮ ಕೆಂಪು ಮಣ್ಣಿನ ಮೇಲೆ ಬರೀ ಜಲ್ಲಿ ಸುರಿದರೆ ಮೊದಲ ಮಳೆಗಾಲಕ್ಕೇ ಕೆಸರಿನೊಳಗೆ ಇಳಿದು ಹೋಗುತ್ತದೆ. ಮೇಲಿನ ಕೆಸರು ಎತ್ತಿ, ದೊಡ್ಡ ಕಲ್ಲಿನ ಪದರ ಕೊಟ್ಟು, ರೋಲರ್ ಓಡಿಸಿ, ತೋಡಿನ ಕಡೆಗೆ ಇಳಿಜಾರು ಮಾಡಿ, ಆಮೇಲೆ ಜಲ್ಲಿ. ಆ ಅಡಿಯ ಕಲ್ಲಿನ ಖರ್ಚು ಬೇರೆ, ಅದನ್ನು ಮುಂದಿನ ಸಭೆಗೆ ಬರೆದು ತರುತ್ತೇನೆ. ನೋಡಲು ಚಂದ ಅಂತ ಹಟ್ಟಿಯ ಎದುರಿಗೆ, ಹಸು ನಡೆಯುವ ದಾರಿಗೆ ಒಡೆದ ಜಲ್ಲಿ ಯಾರೂ ಹಾಕಬೇಡಿ. ಗೊರಸಿನ ಸಂದಿಯಲ್ಲಿ ಸಿಕ್ಕಿ ಹಸು ಕುಂಟುತ್ತದೆ, ಹಾಲು ಇಳಿಯುತ್ತದೆ.

ಜಲ್ಲಿ ಬರುವ ದಿನ ಬೆಳಿಗ್ಗೆ ಹಾಲು ಹಾಕಿದ ಮೇಲೆ ಬಿಡುವಿದ್ದವರು ಸ್ವಲ್ಪ ನಿಲ್ಲಿ. ಟೇಪಿನ ಒಂದು ತುದಿ ಹಿಡಿಯಲು ಜನ ಬೇಕು.