ಒಣದ್ರಾಕ್ಷಿಯ ಗಾಡಿ, ರೇಷ್ಮೆಯ ಪೆಟ್ಟಿಗೆ

ಲಂಡನ್ನಿನ ವರ್ತಕ ಜಾನ್ ಬೇಟ್ ಎಂಬಾತ 1606ರಲ್ಲಿ ಸುಂಕ ಪೂರ್ತಿ ಕಟ್ಟದೆಯೇ ತನ್ನ ಸರಕಿನ ಗಾಡಿಯನ್ನು ನದಿ ದಡದಿಂದ ಹೊಡೆಸಿಬಿಟ್ಟ. ಗಾಡಿಯಲ್ಲಿದ್ದದ್ದು ಚಿನ್ನವಲ್ಲ, ಬೆಳ್ಳಿಯಲ್ಲ. ಮೆಡಿಟರೇನಿಯನ್ ಕಡೆಯಿಂದ ಬಂದ ಸಣ್ಣ ಕಪ್ಪು ಒಣದ್ರಾಕ್ಷಿ.

ಪಾರ್ಲಿಮೆಂಟು ಒಪ್ಪಿದ್ದ ಸುಂಕ ಒಂದು ಹಂಡ್ರೆಡ್‌ವೇಟಿಗೆ, ಅಂದರೆ ಸುಮಾರು 50 ಕಿಲೋ ದ್ರಾಕ್ಷಿಗೆ, 2 ಷಿಲಿಂಗ್ 6 ಪೆನ್ಸ್. ನಮ್ಮ ಹಿರಿಯರು ಆಣೆಗೆ 12 ಪೈ ಎಂದು ಲೆಕ್ಕ ಹಾಕುತ್ತಿದ್ದಂತೆ ಅಲ್ಲಿ ಷಿಲಿಂಗಿಗೆ 12 ಪೆನ್ಸ್. 20 ಷಿಲಿಂಗ್ ಸೇರಿದರೆ ಒಂದು ಪೌಂಡ್. ಆ ಹಳೆಯ ಸುಂಕದ ಮೇಲೆ ದೊರೆ ಒಂದನೇ ಜೇಮ್ಸ್ ಇನ್ನೂ 5 ಷಿಲಿಂಗ್ ಹೇರಿದ್ದ. ಮೂಲ ಸುಂಕಕ್ಕಿಂತ ಮೇಲುಸುಂಕವೇ ಎರಡು ಪಟ್ಟು. ಪಾರ್ಲಿಮೆಂಟು ಒಪ್ಪದ ಹಣವನ್ನು ಕೊಡುವುದಿಲ್ಲ ಎಂದು ಬೇಟ್ ಹಟ ಹಿಡಿದ. ದಾವೆ ಎಕ್ಸ್‌ಚೆಕರ್ ನ್ಯಾಯಾಲಯಕ್ಕೆ ಹೋಯಿತು. ದೊರೆಗೆ ಬರಬೇಕಾದ ಹಣದ ವ್ಯಾಜ್ಯಗಳು ತೀರ್ಮಾನವಾಗುತ್ತಿದ್ದುದು ಅಲ್ಲೇ.

ಅಲ್ಲಿನ ಮುಖ್ಯ ನ್ಯಾಯಾಧೀಶ ಥಾಮಸ್ ಫ್ಲೆಮಿಂಗ್ ಬೇಟ್‌ನ ವಿರುದ್ಧ ತೀರ್ಪು ಕೊಟ್ಟ. ದೊರೆಗೆ ಎರಡು ಬಗೆಯ ಅಧಿಕಾರವಿದೆ ಎಂಬುದು ಅವನ ವಾದ. ಪ್ರಜೆ ಪ್ರಜೆಗಳ ನಡುವಿನ ನ್ಯಾಯಕ್ಕೆ ಸಂಬಂಧಿಸಿದ್ದು ಸಾಮಾನ್ಯ ಅಧಿಕಾರ. ಅದು ಕಾನೂನಿಗೆ ಕಟ್ಟುಬಿದ್ದದ್ದು. ರಾಜ್ಯದ ಒಟ್ಟು ಹಿತಕ್ಕೆ ಸಂಬಂಧಿಸಿದ್ದು ಪರಮಾಧಿಕಾರ. ಅಲ್ಲಿ ದೊರೆಯ ವಿವೇಕವೇ ದಾರಿ. ಬಂದರುಗಳು ದೊರೆಯ ಹೆಬ್ಬಾಗಿಲುಗಳು. ಬಾಗಿಲು ತೆರೆಯುವ, ಮುಚ್ಚುವ ಹಕ್ಕಿದ್ದವನಿಗೆ ಸುಂಕ ಹಾಕುವ ಹಕ್ಕೂ ಇದೆ. ಬೇಟ್ ಸೋತ. ಆದರೆ ಆ ತೀರ್ಪು ದ್ರಾಕ್ಷಿಗೆ ಮಾತ್ರ ನಿಲ್ಲುವಂಥದ್ದಾಗಿರಲಿಲ್ಲ.

ಖಜಾನೆಯ ಹೊಣೆ ಹೊತ್ತಿದ್ದ ಸಾಲ್ಸ್‌ಬರಿಯ ಅರ್ಲ್ ರಾಬರ್ಟ್ ಸೆಸಿಲ್ 1608ರಲ್ಲಿ ಹೊಸ ಸುಂಕದ ಪಟ್ಟಿಯನ್ನೇ ಹೊರಡಿಸಿದ. ಹತ್ತು ಹಲವು ಸರಕುಗಳ ಮೇಲೆ ಮೇಲುಸುಂಕ ಬಿತ್ತು. ವರ್ಷಕ್ಕೆ ಸುಮಾರು 70,000 ಪೌಂಡ್ ಹುಟ್ಟುವ ದಾರಿಯಾಯಿತು. 1610ರಲ್ಲಿ ಕಾಮನ್ಸ್ ಸಭೆಯಲ್ಲಿ ಇದರ ಮೇಲೆ ದೊಡ್ಡ ಚರ್ಚೆ ನಡೆಯಿತು. ಪಾರ್ಲಿಮೆಂಟಿನ ಒಳಗೆ, ಸಭೆಯ ಒಪ್ಪಿಗೆಯೊಡನೆ ನಿಂತ ದೊರೆಯ ಅಧಿಕಾರ, ಹೊರಗೆ ಒಬ್ಬನೇ ನಿಂತ ದೊರೆಯ ಅಧಿಕಾರಕ್ಕಿಂತ ದೊಡ್ಡದು ಎಂದು ವಕೀಲ ಜೇಮ್ಸ್ ವೈಟ್‌ಲಾಕ್ ವಾದಿಸಿದ. ಫ್ಲೆಮಿಂಗನಿಗೆ ಅದಕ್ಕಿಂತ ಸರಿಯಾದ ಉತ್ತರ ಯಾರೂ ಕೊಡಲಿಲ್ಲ. ಅದೇ ವರ್ಷ, ವರ್ಷಕ್ಕೆ 2,00,000 ಪೌಂಡ್ ಕೊಡುತ್ತೇವೆ, ದೊರೆಯ ಕೆಲವು ಹಳೆಯ ವಸೂಲಿಗಳು ನಿಲ್ಲಲಿ ಎಂಬ ಒಪ್ಪಂದದ ಮಾತೂ ನಡೆದು ಮುರಿದುಬಿತ್ತು. 1614ರ ಪಾರ್ಲಿಮೆಂಟು ಎರಡೇ ತಿಂಗಳು ಕೂಡಿ, ಒಂದು ಮಸೂದೆಯನ್ನೂ ಅಂಗೀಕರಿಸದೆ ಚದುರಿತು.

ಜೇಮ್ಸ್‌ನ ಮಗ ಒಂದನೇ ಚಾರ್ಲ್ಸ್ 1625ರಲ್ಲಿ ಪಟ್ಟಕ್ಕೆ ಬಂದ. ಬಂದರು ಸುಂಕವನ್ನು ದೊರೆಯ ಜೀವಮಾನಕ್ಕೆಂದು ಆಳ್ವಿಕೆಯ ಆರಂಭದಲ್ಲೇ ಬರೆದುಕೊಡುವುದು ಹಿಂದಿನಿಂದ ಬಂದ ಪದ್ಧತಿ. ಈ ಸಲ ಕಾಮನ್ಸ್ ಸಭೆ ಒಂದೇ ವರ್ಷಕ್ಕೆ ಎಂದಿತು. ಆ ಮಸೂದೆಯೂ ಕಾನೂನಾಗಲಿಲ್ಲ. ಚಾರ್ಲ್ಸ್ ವಸೂಲಿ ಮಾಡುತ್ತಲೇ ಹೋದ. ಮುಂದಿನ ವರ್ಷ ಬಲವಂತದ ಸಾಲ ಎತ್ತಿದ. ಕೊಡದವರನ್ನು ಕಾರಣ ತಿಳಿಸದೆ ಸೆರೆಗೆ ಹಾಕಿಸಿದ. ಆ ಸಾಲ ಕಾನೂನುಬದ್ಧ ಎಂದು ಒಪ್ಪದ ಮುಖ್ಯ ನ್ಯಾಯಾಧೀಶ ರಾನಲ್ಫ್ ಕ್ರೂ ಹುದ್ದೆಯನ್ನೇ ಕಳೆದುಕೊಂಡ. ಅಂಥ ನ್ಯಾಯಾಧೀಶರೂ ಅಲ್ಲಿದ್ದರು ಎಂಬುದನ್ನು ಮರೆಯಬಾರದು. 1628ರ ಹಕ್ಕುಗಳ ಮನವಿ ಹುಟ್ಟಿದ್ದು ಈ ಸಾಲ, ಈ ಸೆರೆಗಳಿಂದಲೇ. ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ತೆರಿಗೆಯನ್ನಾಗಲಿ ಸಾಲವನ್ನಾಗಲಿ ಒತ್ತಾಯದಿಂದ ಕೀಳಬಾರದು ಎಂದು ಅದು ಹೇಳಿತು. ದೊರೆ ಒಪ್ಪಿಗೆಯನ್ನೂ ಕೊಟ್ಟ.

ಆ ಶರತ್ಕಾಲದಲ್ಲೇ ರಿಚರ್ಡ್ ಚೇಂಬರ್ಸ್ ಎಂಬ ವರ್ತಕನ ರೇಷ್ಮೆ ಬಟ್ಟೆಯ ಪೆಟ್ಟಿಗೆಯನ್ನು ಸುಂಕದವರು ಹಿಡಿದರು. ಪಾರ್ಲಿಮೆಂಟು ಒಪ್ಪದ ಸುಂಕ ಕಟ್ಟಲು ಅವನು ಸಿದ್ಧನಿರಲಿಲ್ಲ. ದೊರೆಯ ಮಂತ್ರಾಲೋಚನ ಸಭೆಗೆ ಕರೆಸಿದಾಗ, ವರ್ತಕರನ್ನು ಇಂಗ್ಲೆಂಡಿನಲ್ಲಿ ಹಿಂಡಿದಷ್ಟು ಪ್ರಪಂಚದ ಬೇರೆಲ್ಲೂ ಹಿಂಡುವುದಿಲ್ಲ, ತುರ್ಕಿಯಲ್ಲಾದರೂ ಇದಕ್ಕಿಂತ ಹೆಚ್ಚಿನ ಉತ್ತೇಜನವಿದೆ ಎಂದುಬಿಟ್ಟ. ಆ ಒಂದು ಮಾತಿಗೆ ಸ್ಟಾರ್ ಚೇಂಬರ್ ನ್ಯಾಯಾಲಯ 1629ರಲ್ಲಿ 2,000 ಪೌಂಡ್ ದಂಡ ವಿಧಿಸಿತು. ಬಿಷಪ್ ವಿಲಿಯಂ ಲಾಡ್‌ಗೆ ಅದೂ ಸಾಲದು, 3,000 ಆಗಬೇಕಿತ್ತು. ತಪ್ಪೊಪ್ಪಿಗೆಯ ಪತ್ರಕ್ಕೆ ರುಜು ಹಾಕು ಎಂದು ಮುಂದಿಟ್ಟಾಗ ಚೇಂಬರ್ಸ್, ಇದೆಲ್ಲ ಅನ್ಯಾಯದ್ದು, ಸುಳ್ಳು, ಸಾಯುವವರೆಗೂ ಒಪ್ಪುವುದಿಲ್ಲ ಎಂದು ಅದರ ಮೇಲೆಯೇ ಬರೆದುಕೊಟ್ಟ. ಆರು ವರ್ಷ ಸೆರೆಯಲ್ಲಿದ್ದ.

ಇತ್ತ 1629ರ ಮಾರ್ಚ್ 2ರಂದು ಕಾಮನ್ಸ್ ಸಭೆಯಲ್ಲಿ ಸ್ಪೀಕರ್ ಎದ್ದು ಹೋಗದಂತೆ ಇಬ್ಬರು ಸದಸ್ಯರು ಅವನನ್ನು ಕುರ್ಚಿಯಲ್ಲೇ ಒತ್ತಿ ಹಿಡಿದರು. ಒಪ್ಪಿಗೆಯಿಲ್ಲದ ಸುಂಕವನ್ನು ಕಟ್ಟುವವನೂ ನಾಡಿನ ವೈರಿ ಎಂಬ ನಿರ್ಣಯಕ್ಕೆ ಸಭೆ ಕೂಗಿ ಸಮ್ಮತಿಸಿತು. ಅದಾದ ಮೇಲೆ 11 ವರ್ಷ ಪಾರ್ಲಿಮೆಂಟು ಕೂಡಲೇ ಇಲ್ಲ.

ಚೇಂಬರ್ಸ್ ಬಿಡುಗಡೆಯಾಗಿ ಬಂದವನು ಸುಮ್ಮನಿರಲಿಲ್ಲ. ನೌಕಾಪಡೆಯ ಹೆಸರಿನ ಹಡಗು ತೆರಿಗೆಯನ್ನು ಪ್ರಶ್ನಿಸಿ ಮತ್ತೆ ನ್ಯಾಯಾಲಯದ ಮೆಟ್ಟಿಲು ಹತ್ತಿದ. ಕಾನೂನಿನ ನಿಯಮವೇ ಬೇರೆ, ಆಳ್ವಿಕೆಯ ನಿಯಮವೇ ಬೇರೆ ಎಂದು ನ್ಯಾಯಾಧೀಶ ರಾಬರ್ಟ್ ಬರ್ಕ್ಲಿ ಅವನ ಪರ ವಾದವನ್ನೇ ಕೇಳಲಿಲ್ಲ. ಒಣದ್ರಾಕ್ಷಿಯ ಮೇಲೆ ಫ್ಲೆಮಿಂಗ್ ಹೇಳಿದ ಮಾತು ಮೂವತ್ತು ವರ್ಷದ ಮೇಲೆ ಇಲ್ಲಿಗೆ ಬಂದು ಮುಟ್ಟಿತ್ತು.

1641ರಲ್ಲಿ ಪಾರ್ಲಿಮೆಂಟು ಹಡಗು ತೆರಿಗೆಯನ್ನು ಕಾನೂನುಬಾಹಿರ ಎಂದು ಸಾರಿತು, ಸ್ಟಾರ್ ಚೇಂಬರನ್ನು ರದ್ದು ಮಾಡಿತು, ಒಪ್ಪಿಗೆಯಿಲ್ಲದೆ ಬಂದರು ಸುಂಕ ಎತ್ತುವಂತಿಲ್ಲ ಎಂದು ಕಾನೂನು ಮಾಡಿತು. ಚೇಂಬರ್ಸ್‌ನಿಗಾದ ನಷ್ಟವನ್ನು ತುಂಬಿಕೊಡುವುದಾಗಿಯೂ ಹೇಳಿತು. ಆ ಹಣ ಅವನ ಕೈಗೆ ಪೂರ್ತಿ ಬರಲಿಲ್ಲ. 1658ರಲ್ಲಿ ಅವನು ತೀರಿಕೊಂಡಾಗ ಬಡವನಾಗಿದ್ದ.