ಸುರುಳಿಯ ತೋಳುಗಳು

ಸಪ್ತರ್ಷಿ ಮಂಡಲದ ಬಾಲದ ತುದಿಯಲ್ಲಿರುವ ನಕ್ಷತ್ರ ಮರೀಚಿ. ಅದರ ಸಮೀಪದಲ್ಲೇ, ಬರಿಗಣ್ಣಿಗೆ ಕಾಣದಷ್ಟು ಮಸುಕಾಗಿ, ವರ್ಲ್‌ಪೂಲ್ ಎಂಬ ಸುರುಳಿ ಗೆಲಾಕ್ಸಿ ಇದೆ. ದೂರ ಸುಮಾರು 3 ಕೋಟಿ ಜ್ಯೋತಿರ್ವರ್ಷ. ಏಪ್ರಿಲ್, ಮೇ ತಿಂಗಳ ರಾತ್ರಿ, ದೀಪಗಳ ಬೆಳಕು ತಾಗದ ಕಡೆ ನಿಂತು ಬೈನಾಕ್ಯುಲರ್ ಹಿಡಿದರೆ, ಕರ್ನಾಟಕದ ಉತ್ತರಾಕಾಶದಲ್ಲೂ ಅದು ಮಂಜಿನ ಚುಕ್ಕೆಯಂತೆ ಕಾಣಸಿಗುತ್ತದೆ.

ಫ್ರಾನ್ಸಿನ ಚಾರ್ಲ್ಸ್ ಮೆಸ್ಸಿಯೇ 1773ರಲ್ಲಿ ಇದನ್ನು ಗುರುತಿಸಿದ. ಧೂಮಕೇತುವೆಂದು ಭ್ರಮೆ ಹುಟ್ಟಿಸುವ ಮಸುಕು ಕಾಯಗಳ ಅವನ ಪಟ್ಟಿಯಲ್ಲಿ ಇದು 51ನೆಯದು. ಐರ್ಲೆಂಡಿನ ಲಾರ್ಡ್ ರಾಸ್, ತಾಮ್ರ ತವರ ಬೆರೆಸಿ ಎರಕ ಹೊಯ್ದ ಆರು ಅಡಿ ಅಗಲದ ಕನ್ನಡಿಯ ದೂರದರ್ಶಕದಲ್ಲಿ 1845ರಲ್ಲಿ ಇದನ್ನು ನೋಡಿ, ಕಂಡದ್ದನ್ನು ಕೈಯಾರೆ ಚಿತ್ರಿಸಿದ. ಇಂಥ ಕಾಯವೊಂದರಲ್ಲಿ ಸುರುಳಿಯ ಆಕಾರ ಕಂಡದ್ದು ಅದೇ ಮೊದಲು. ಇಂಥವು ಆಕಾಶಗಂಗೆಯಾಚೆಗಿನ ಬೇರೆಯೇ ನಕ್ಷತ್ರಲೋಕಗಳೆಂದು ಖಚಿತವಾದದ್ದು 1920ರ ದಶಕದಲ್ಲಿ.

ಗೆಲಾಕ್ಸಿಯ ಒಳಭಾಗದ ನಕ್ಷತ್ರಗಳು ಹೊರಭಾಗದವಕ್ಕಿಂತ ಬೇಗ ಸುತ್ತು ಮುಗಿಸುತ್ತವೆ. ಸುರುಳಿಯ ತೋಳಿನಲ್ಲಿ ಸದಾ ಅವೇ ನಕ್ಷತ್ರಗಳಿದ್ದರೆ, ಕೆಲವೇ ಸುತ್ತುಗಳಲ್ಲಿ ಅದು ಬಿಗಿಯಾಗಿ ಸುತ್ತಿಕೊಂಡು ಅಳಿಸಿಹೋಗಬೇಕಿತ್ತು. ಸಿ. ಸಿ. ಲಿನ್ ಮತ್ತು ಫ್ರಾಂಕ್ ಶೂ 1964ರಲ್ಲಿ ಕೊಟ್ಟ ವಿವರಣೆಯಂತೆ, ತೋಳು ಎಂಬುದು ಸಾಂದ್ರತೆಯ ಅಲೆ. ಟೋಲ್ ಗೇಟಿನ ಬಳಿ ಬಂದ ವಾಹನಗಳು ದಾಟಿ ಹೋಗುತ್ತಲೇ ಇರುತ್ತವೆ, ದಟ್ಟಣೆ ಮಾತ್ರ ಅಲ್ಲೇ ಉಳಿಯುತ್ತದೆ. ನಕ್ಷತ್ರಗಳೂ ಅನಿಲವೂ ಹಾಗೆಯೇ ತೋಳನ್ನು ಹೊಕ್ಕು ಹೊರಬರುತ್ತವೆ.

ವರ್ಲ್‌ಪೂಲ್‌ನ ತೋಳುಗಳು ಇಷ್ಟು ಸ್ಫುಟವಾಗಿರಲು ಪಕ್ಕದ ಪುಟ್ಟ ಗೆಲಾಕ್ಸಿಯೂ ಕಾರಣ. ಅದು ಹಾದುಹೋಗುವಾಗಿನ ಗುರುತ್ವದ ಸೆಳೆತದಿಂದ ಇಂಥ ಆಕಾರ ಮೂಡಬಲ್ಲದೆಂದು ಆಲಾರ್ ಮತ್ತು ಯೂರಿ ಟೂಮ್ರೆ ಸೋದರರು 1972ರಲ್ಲಿ ಕಂಪ್ಯೂಟರ್ ಲೆಕ್ಕದಿಂದ ತೋರಿಸಿದರು.

ತೋಳನ್ನು ಹೊಕ್ಕ ಅನಿಲ ಒತ್ತಡಕ್ಕೆ ಸಿಕ್ಕಿ ಕುಸಿದು ಹೊಸ ನಕ್ಷತ್ರಗಳಾಗುತ್ತದೆ. ಛಾಯಾಚಿತ್ರಗಳಲ್ಲಿ ತೋಳಿನ ಒಳಅಂಚಿಗೆ ದೂಳಿನ ಕಪ್ಪು ಗೆರೆ, ಅದರ ಪಕ್ಕ ಹೊಳೆವ ಜಲಜನಕದ ಗುಲಾಬಿ ಚುಕ್ಕೆಗಳು, ಎಳೆಯ ನಕ್ಷತ್ರಗಳ ನೀಲಿ ಗುಂಪುಗಳು ಕಾಣುತ್ತವೆ. ಭಾರಿ ನಕ್ಷತ್ರಗಳು ಇಂಧನವನ್ನು ಬೇಗ ಉರಿಸಿ, ಹುಟ್ಟಿದ ತೋಳಿನಿಂದ ದೂರ ಸಾಗುವ ಮೊದಲೇ ಸಿಡಿಯುತ್ತವೆ. ಇಂಥ ಮೂರು ಸೂಪರ್ನೋವಾಗಳು ಇಲ್ಲಿ 1994, 2005 ಮತ್ತು 2011ರಲ್ಲಿ ಕಂಡವು. ಸೂರ್ಯನಂಥ ಸಣ್ಣ ನಕ್ಷತ್ರಗಳು ದೀರ್ಘಾಯುಗಳು. ಅವು ತೋಳಿನಿಂದ ತೋಳಿಗೆ ದಾಟುತ್ತ ನೂರಾರು ಕೋಟಿ ವರ್ಷ ಬಾಳುತ್ತವೆ. ತೋಳು ಬೆಳಗುವುದು ಮಾತ್ರ ಅಲ್ಪಾಯುಗಳ ಬೆಳಕಿನಿಂದಲೇ.